ಇರ್ಪುವಿನಿಂದ ಪುಷ್ಪಗಿರಿವರೆಗೆ 14 ದಿನದ ನಡಿಗೆ: ಜೊತೆಗೆ ಬರುವವರನ್ನು ಎಲ್ಲಿ ಹುಡುಕಲಿ?

ಕಕ್ಕಬೆ ಜೇನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಂದು ಕಕ್ಕಬೆ. ವಯಸ್ಸು 47. ಆರು ಎಕರೆ ಕಾಫಿ, ನಾಲ್ಕು ಜೇನುಪೆಟ್ಟಿಗೆ, ಒಂದು ಮುದಿ ನಾಯಿ. ತಡಿಯಂಡಮೋಳ್ ನಮ್ಮ ಅಂಗಳದಿಂದಲೇ ಕಾಣುತ್ತದೆ. 1748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ಎಷ್ಟು ಸಲ ಹತ್ತಿದ್ದೇನೋ ಲೆಕ್ಕ ಇಟ್ಟಿಲ್ಲ. ಹೊರಗಿನವರು ಬ್ಯಾಗು, ಕೋಲು ಎಲ್ಲ ಹಿಡಿದು ಬಂದು ಅದನ್ನು ಟ್ರೆಕ್ಕಿಂಗ್ ಅನ್ನುತ್ತಾರೆ. ಚಿಕ್ಕವಳಿದ್ದಾಗ ತಪ್ಪಿಸಿಕೊಂಡ ದನ ಹುಡುಕಲು ಹೋದರೂ ನಾನು ಅರ್ಧ ಬೆಟ್ಟ ಹತ್ತಿ ಇಳಿಯುತ್ತಿದ್ದೆ.

ಈಗ ಒಂದು ಹುಚ್ಚು ಹಿಡಿದಿದೆ. ಕೊಡಗನ್ನು ಈ ತುದಿಯಿಂದ ಆ ತುದಿಗೆ ನಡೆದೇ ದಾಟಬೇಕು. ಇರ್ಪುವಿನಲ್ಲಿ ಶುರು. ಮೊದಲ ದಿನ ಬ್ರಹ್ಮಗಿರಿ ಹತ್ತಿ ಇಳಿಯುವುದು. ಆಮೇಲೆ ಶ್ರೀಮಂಗಲ ದಾಟಿ ಎರಡು ದಿನದಲ್ಲಿ ವಿರಾಜಪೇಟೆ. ಕಡಂಗದ ಮೇಲೆ ನಮ್ಮೂರು. ತಡಿಯಂಡಮೋಳ್‌ಗೆ ಒಂದು ದಿನ. ನಾಪೋಕ್ಲು, ಭಾಗಮಂಡಲ, ತಲಕಾವೇರಿ. ಅಲ್ಲಿಂದ ಚೇರಂಬಾಣೆ, ಬೆಟ್ಟಗೇರಿ ಹಿಡಿದು ಮಡಿಕೇರಿ. ಮಾದಾಪುರದ ಮೇಲೆ ಸೋಮವಾರಪೇಟೆ, ಶಾಂತಳ್ಳಿ, ಬೀದಹಳ್ಳಿ. ಕೊನೆಗೆ ಪುಷ್ಪಗಿರಿ. ನನ್ನ ಲೆಕ್ಕದಲ್ಲಿ 270 ಕಿ.ಮೀ. ಆಸುಪಾಸು. ಜಾಸ್ತಿ ಭಾಗ ತೋಟದ ರಸ್ತೆ ಮತ್ತು ಹಳ್ಳಿ ರಸ್ತೆ. ಕಾಡು ಮೂರು ಕಡೆ ಮಾತ್ರ. ರಾತ್ರಿ ಹೋಂಸ್ಟೇ, ಇಲ್ಲವಾದರೆ ನೆಂಟರ ಮನೆ. ಕೊಡಗಿನಲ್ಲಿ ನೆಂಟರಿಲ್ಲದ ಊರು ಇದೆಯಾ?

ಸಮಯ ಅಕ್ಟೋಬರ್ ಕೊನೆ ಅಂದುಕೊಂಡಿದ್ದೇನೆ. 17ರ ತೀರ್ಥೋದ್ಭವದ ಜನಜಾತ್ರೆ ಅಷ್ಟು ಹೊತ್ತಿಗೆ ಕರಗಿರುತ್ತದೆ. ಕಾಫಿ ಕೊಯ್ಲು ಜೋರಾಗಿ ಶುರುವಾದರೆ ಮಾರ್ಚ್‌ವರೆಗೆ ನಾನು ಮನೆ ಬಿಡುವಂತಿಲ್ಲ.

ತೊಂದರೆ ಇರುವುದು ಜೊತೆಗಾರರದ್ದು. ಗಂಡನಿಗೆ ನಡಿಗೆ ಅಂದರೆ ಮನೆ ಬಾಗಿಲಿಂದ ಜೀಪಿನವರೆಗೆ. ನಾದಿನಿಗೆ ಮಂಡಿ ನೋವು. ಗೆಳತಿಯರು "ಒಂದು ದಿನ ಆದರೆ ಬರ್ತೀವಿ" ಅನ್ನುತ್ತಾರೆ. ಒಬ್ಬಳೇ ಹೋಗಬಹುದು, ಹೆದರಿಕೆ ಇಲ್ಲ ಅಂತಲ್ಲ, ಇದೆ. ಆದರೆ ಅದಕ್ಕಿಂತ ಹೆಚ್ಚಾಗಿ, ಸಂಜೆ ಕಾಲು ಚಾಚಿ ಕೂತಾಗ "ಆ ತಿರುವಿನಲ್ಲಿ ಒಂದು ನಾಯಿ ಬಂತಲ್ಲ" ಅಂತ ಹೇಳಿದರೆ "ಹೂಂ, ಬಂತು" ಅನ್ನಲು ಒಬ್ಬರು ಬೇಕು.

ಹಾಗಂತ ಯಾರನ್ನೋ ಕರೆದುಕೊಂಡು ಹೊರಡಲು ಧೈರ್ಯ ಇಲ್ಲ. ಹೋದ ಡಿಸೆಂಬರ್‌ನಲ್ಲಿ ಮೊಬೈಲ್‌ನಲ್ಲಿ ಸಿಕ್ಕಿದ ಒಂದು ಗುಂಪಿನ ಜೊತೆ ಪುಷ್ಪಗಿರಿಗೆ ಹೋಗಿದ್ದೆ. ಹೆಸರು ಬೇಡ. ಹದಿನೆಂಟು ಜನ. ಬೀದಹಳ್ಳಿ ಕಡೆಯಿಂದ ಹತ್ತುವಾಗ ಮೇಲೆ ಇಳಿಜಾರು ಬಂಡೆ ಬರುತ್ತದಲ್ಲ, ಅಲ್ಲಿ ನನ್ನ ಬಲಗಾಲಿನ ಶೂ ಬಾಯಿ ಬಿಟ್ಟಿತು. ಸೋಲ್ ಮುಂದಿನಿಂದ ಹಿಮ್ಮಡಿವರೆಗೆ ಕಿತ್ತುಬಂದು ಹೆಜ್ಜೆಗೊಂದು ಸಲ ಚಪ್ಪಾಳೆ ತಟ್ಟುತ್ತಿತ್ತು. ಮುಂದಿದ್ದವರು "ಆಂಟಿ, ನಿಧಾನ ಬನ್ನಿ" ಅಂತ ಕೂಗಿ ಹೋದರು. ನಿಧಾನ ಬನ್ನಿ ಅಂದರೆ ನಾವು ಕಾಯುವುದಿಲ್ಲ ಅಂತ ಅರ್ಥ ಅಂತ ನನಗೆ ಅವತ್ತು ಗೊತ್ತಾಯಿತು. ಗುಂಪು ಕಟ್ಟಿದವನು ಎಲ್ಲರಿಗಿಂತ ಮುಂದೆ, ಫೋಟೋ ತೆಗೆಯುತ್ತಾ.

ಒಬ್ಬ ಹುಡುಗ ಮಾತ್ರ ವಾಪಸು ಇಳಿದು ಬಂದ. ಏನೂ ಕೇಳಲಿಲ್ಲ. ಬ್ಯಾಗಿನಿಂದ ಗೋಣಿ ಹೊಲಿಯುವ ದಾರ ತೆಗೆದ, ನನ್ನ ಕಾಲನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು ಸೋಲನ್ನು ಮೂರು ಸುತ್ತು ಬಿಗಿದು ಕಟ್ಟಿದ. ಗಂಟನ್ನು ಪಾದದ ಮೇಲೆ ಹಾಕಿದ, ಕೆಳಗೆ ಹಾಕಿದರೆ ಜಾರುತ್ತದೆ ಅಂತ. ಆಮೇಲೆ ಒಂದು ಕಿತ್ತಳೆ ಸುಲಿದು ಅರ್ಧ ಕೊಟ್ಟ. ಮೇಲೆ ಹೋಗದೆ ನನ್ನ ಜೊತೆ ಇಳಿದ. ನಾನು ಅವನ ಹೆಸರೂ ಕೇಳಲಿಲ್ಲ, ಇವತ್ತಿಗೂ ಬೇಜಾರಿದೆ.

ಅಂಥವರು ಮೂರು ಜನ ಬೇಕು. ಎಲ್ಲಿ ಸಿಗುತ್ತಾರೆ? ಸಿಕ್ಕವರು ಅಂಥವರೇ ಅಂತ ಹೊರಡುವ ಮೊದಲೇ ತಿಳಿಯುವುದು ಹೇಗೆ?

---

ವೀಕೆಂಡ್ ವೀರ

ಮ್ಯಾಮ್, ಇನ್‌ಸ್ಟಾಗ್ರಾಂನಲ್ಲಿ ಒಂದು ಪೋಸ್ಟ್ ಹಾಕಿ. ನಾಳೆ ಬೆಳಿಗ್ಗೆ ಇನ್ನೂರು ಜನ ರೆಡಿ. ಹೊರಡುವ ದಿನ ನಾಲ್ಕು ಜನ ಬರುತ್ತಾರೆ, ಅದು ಬೇರೆ ವಿಷಯ.

ನಾನು ಬೆಂಗಳೂರು. 14 ದಿನ ರಜೆ ಕೇಳಿದರೆ ಮ್ಯಾನೇಜರ್ ನನ್ನನ್ನೇ ರಜೆ ಮೇಲೆ ಕಳಿಸಿಬಿಡುತ್ತಾರೆ. ಆದರೆ ಒಂದು ಶನಿವಾರ ಭಾನುವಾರ ಬಂದು ಸೇರಿಕೊಳ್ಳಬಹುದು. ಭಾಗಮಂಡಲದಿಂದ ಮಡಿಕೇರಿ ಎರಡು ದಿನ ಆಗಬಹುದು, ಆ ತುಂಡಿಗೆ ನಾನು ಬರಲಾ? ಎಲ್ಲರೂ ಪೂರ್ತಿ ಬರಬೇಕು ಅಂತ ಯಾಕೆ? ಬಸ್ ಥರ. ಹತ್ತುವವರು ಹತ್ತಲಿ, ಇಳಿಯುವವರು ಇಳಿಯಲಿ. ನೀವು ಡ್ರೈವರ್.

---

ಸೋಮವಾರಪೇಟೆ ಮೇಷ್ಟ್ರು

ಅಮ್ಮಾ, ನಾನು ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು. ಹನ್ನೊಂದು ವರ್ಷದಿಂದ ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುತ್ತಿದ್ದೇನೆ. ವಣಗೂರು ದಾಟಿ ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯ, ಅಲ್ಲಿಂದ ಮುಂದೆ. ನಿಮ್ಮ ಹುಡುಗರು ಟ್ರೆಕ್ಕಿಂಗ್ ಅನ್ನುತ್ತಾರೆ, ನಾವು ಪಾದಯಾತ್ರೆ ಅನ್ನುತ್ತೇವೆ. ಕಾಲಿನ ಬೊಬ್ಬೆ ಎರಡರಲ್ಲೂ ಒಂದೇ.

ಮೊದಲ ವರ್ಷ ನಾನು ಜೊತೆಗಾರನನ್ನು ಆರಿಸಿದ್ದು ಕಾಲು ನೋಡಿ. ನಮ್ಮೂರಿನ ವಾಲಿಬಾಲ್ ಆಟಗಾರ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಮೊದಲ ದಿನ ಅವನ ಹಿಂದೆ ಓಡಿ ಓಡಿ ನನಗೆ ಸಾಕಾಯಿತು. ಎರಡನೇ ದಿನ ಮಧ್ಯಾಹ್ನ ನೋಡುತ್ತೇನೆ, ಹುಡುಗ ನನ್ನ ಹಿಂದೆ. ಕೇಳಿದರೆ "ಏನಿಲ್ಲ ಸಾರ್". ಸಂಜೆ ಸಾಕ್ಸ್ ಬಿಚ್ಚಿದ, ಹಿಮ್ಮಡಿಯ ಚರ್ಮ ಸಾಕ್ಸ್ ಜೊತೆಗೇ ಬಂತು. ಬೆಳಿಗ್ಗೆಯೇ ಉರಿ ಶುರುವಾಗಿತ್ತಂತೆ. ಮರ್ಯಾದೆ ಪ್ರಶ್ನೆ ಅಂತ ಬಾಯಿ ಬಿಟ್ಟಿಲ್ಲ. ಬಿಸಿ ಅನ್ನಿಸಿದಾಗಲೇ ಎರಡು ಇಂಚು ಟೇಪ್ ಅಂಟಿಸಿದ್ದರೆ ಮುಗಿದುಹೋಗುತ್ತಿತ್ತು. ಮಾರನೇ ದಿನ ಅವನನ್ನು ಬಸ್ಸಿಗೆ ಹತ್ತಿಸಿದೆ. ನಾನು ಒಬ್ಬನೇ ಮುಂದೆ ನಡೆದೆ.

ಅಂದಿನಿಂದ ನಾನು ಕಾಲು ನೋಡುವುದು ಬಿಟ್ಟೆ. ನೋಯುತ್ತಿದೆ ಅಂತ ನಾಚಿಕೆ ಇಲ್ಲದೆ ಹೇಳುವವರು ಬೇಕು. ನನ್ನ ಈಗಿನ ಜೊತೆಗಾರ ಒಬ್ಬ ಟೈಲರ್, ಹೊಟ್ಟೆ ಇದೆ, ಅರ್ಧ ಗಂಟೆಗೊಮ್ಮೆ "ಮೇಷ್ಟ್ರೇ, ಸ್ವಲ್ಪ ಕೂರೋಣ" ಅನ್ನುತ್ತಾನೆ. ಹತ್ತು ವರ್ಷದಲ್ಲಿ ಒಂದು ಸಲವೂ ಅರ್ಧದಲ್ಲಿ ಬಿಟ್ಟಿಲ್ಲ.

ಪರೀಕ್ಷೆ ಮಾಡುವುದಾದರೆ ಒಂದು ದಿನ ನಡೆಸಬೇಡಿ, ಸತತ ಎರಡು ದಿನ ನಡೆಸಿ. ಮೊದಲ ದಿನ ಎಲ್ಲರೂ ಹಾಡು ಹೇಳುತ್ತಾರೆ. ಎರಡನೇ ದಿನ ಬೆಳಿಗ್ಗೆ ಮೈಕೈ ಹಿಡಿದುಕೊಂಡಿರುವಾಗ ಒದ್ದೆ ಶೂಗೆ ಕಾಲು ತೂರಿಸಬೇಕಲ್ಲ, ಆಗ ಮುಖ ನೋಡಿ.

ದುಡ್ಡಿನ ವಿಷಯ ಮೊದಲೇ ಮಾತಾಡಿ. ನಾವು ಒಂದು ಡಬ್ಬಿ ಇಟ್ಟಿದ್ದೇವೆ. ಹೊರಡುವಾಗಲೇ ಎಲ್ಲರೂ ಸಮ ಹಾಕುವುದು, ಕಾಫಿ ತಿಂಡಿ ಎಲ್ಲ ಅದರಿಂದ. ಉಳಿದರೆ ಹಂಚಿಕೊಳ್ಳುವುದು. ಒಂದು ವಡೆಯ ಲೆಕ್ಕಕ್ಕೆ ಮಾತು ಬಿಟ್ಟವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಗೊರಕೆ ಬಗ್ಗೆಯೂ ಕೇಳಿ. ತಮಾಷೆ ಅಲ್ಲ. ನಿದ್ದೆ ಕೆಟ್ಟರೆ ಮಾರನೇ ದಿನ ಜಗಳ ಗ್ಯಾರಂಟಿ.

---

ಸಿದ್ದಾಪುರ ಜೀಪು

ಮೇಷ್ಟ್ರು ಕಾಲಿನ ವಿಷಯ ಹೇಳಿದರು. ನಾನು ಆನೆ ವಿಷಯ ಹೇಳುತ್ತೇನೆ. ಜೇನು ಅಕ್ಕನಿಗೆ ಗೊತ್ತಿರುತ್ತದೆ, ಹೊರಗಿಂದ ಬರುವವರಿಗೆ ಗೊತ್ತಿರುವುದಿಲ್ಲ.

ಅಕ್ಟೋಬರ್ ನವೆಂಬರ್‌ನಲ್ಲಿ ಗದ್ದೆಯಲ್ಲಿ ಭತ್ತ ತೆನೆ ಬಿಟ್ಟಿರುತ್ತದೆ. ಆನೆ ರಾತ್ರಿ ಗದ್ದೆಗೆ ಇಳಿದು ಬೆಳಗಾಗುವ ಹೊತ್ತಿಗೆ ಮತ್ತೆ ತೋಟಕ್ಕೆ ಹತ್ತುತ್ತದೆ. ನಮ್ಮ ಕಡೆ ಎಷ್ಟೋ ಕೆಲಸದವರು ಸತ್ತಿರುವುದು ಬೆಳಿಗ್ಗೆ ಕೆಲಸಕ್ಕೆ ನಡೆದು ಹೋಗುವಾಗಲೇ. ಕಾಫಿ ಗಿಡದ ನಡುವೆ ಆನೆ ನಿಂತರೆ ಹತ್ತು ಮಾರು ದೂರದಲ್ಲೂ ಕಾಣುವುದಿಲ್ಲ. ಹಾಗಾಗಿ ಬೆಳಿಗ್ಗೆ ಐದಕ್ಕೆ ಟಾರ್ಚ್ ಹಿಡಿದು ಹೊರಡುವ ಚಟ ಇಲ್ಲಿ ನಡೆಯುವುದಿಲ್ಲ. ಏಳೂವರೆ ಆಗಲಿ, ಪೂರ್ತಿ ಬೆಳಕಾಗಲಿ. ಸಂಜೆ ಐದಕ್ಕೆ ಮನೆ ಸೇರಿರಬೇಕು. ಪ್ರತಿ ಊರಿನಲ್ಲಿ ಹೊರಡುವ ಮೊದಲು ಚಹಾ ಅಂಗಡಿಯಲ್ಲಿ ಒಂದು ಮಾತು ಕೇಳಿ, ನಿನ್ನೆ ಎಲ್ಲಿತ್ತು ಅಂತ. ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ.

ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಡೆಯುವವರನ್ನು ಕರೆದುಕೊಂಡು ಹೋಗಲೇಬೇಡಿ. ಬಿದಿರು ಮುರಿಯುವ ಸದ್ದು ಕೇಳಿಸಬೇಕು. ಮತ್ತೆ ನಾಲ್ಕು ಜನ ಸರಿ. ಹತ್ತು ಜನ ಆದರೆ ಮಾತೇ ಮುಗಿಯುವುದಿಲ್ಲ, ಯಾರಿಗೂ ಏನೂ ಕೇಳಿಸುವುದಿಲ್ಲ.

ಕಾಡಿನ ಮೂರೂ ಕಡೆ ಅರಣ್ಯ ಇಲಾಖೆ ಅನುಮತಿ ಬೇಕು. ಈಗ ಅರಣ್ಯ ವಿಹಾರ ವೆಬ್‌ಸೈಟ್‌ನಲ್ಲಿ ಟಿಕೆಟ್ ತೆಗೆಯಬೇಕು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಸಂತೆ ಥರ ಜನ ಸೇರಿದ ವಿಡಿಯೋ ಎಲ್ಲರೂ ನೋಡಿದ್ದೀರಿ. ಅದು ನಮ್ಮ ಪುಷ್ಪಗಿರಿಯೇ, ಸುಬ್ರಹ್ಮಣ್ಯದ ಕಡೆಯಿಂದ ಹತ್ತುವವರು ಹಾಗೆ ಕರೆಯುತ್ತಾರೆ. ಆಮೇಲೇ ಬಿಗಿ ಮಾಡಿದ್ದು. ಟಿಕೆಟ್ ಒಬ್ಬೊಬ್ಬರ ಹೆಸರಿನಲ್ಲಿ, ಗುರುತಿನ ಚೀಟಿ ಸಮೇತ. ಅಂದರೆ ಯಾರು ಬರುತ್ತಾರೆ ಅಂತ ಮೊದಲೇ ಗಟ್ಟಿ ಆಗಬೇಕು, ಹೊರಡುವ ಹಿಂದಿನ ದಿನ "ನನ್ನ ಬದಲು ನನ್ನ ಫ್ರೆಂಡ್" ಅಂದರೆ ಆಗುವುದಿಲ್ಲ. ಬೆಟ್ಟದ ಮೇಲೆ ಟೆಂಟ್ ಹಾಕುವ ಆಸೆ ಇರುವವರಿಗೂ ಈಗಲೇ ಇಲ್ಲ ಅಂದುಬಿಡಿ.

---

ಮಡಿಕೇರಿ ಮಂಜು

ನಾನು ಮಡಿಕೇರಿಯವನು, ಕೆಲಸಕ್ಕೆ ಅಂತ ಐದು ವರ್ಷ ಅಮೆರಿಕದ ವರ್ಜೀನಿಯಾದಲ್ಲಿದ್ದೆ. ಅಲ್ಲಿ ಅಪಲೇಚಿಯನ್ ಟ್ರೇಲ್ ಅಂತ ಒಂದು ಕಾಲುದಾರಿ ಇದೆ. ಜಾರ್ಜಿಯಾದಿಂದ ಮೇನ್‌ವರೆಗೆ, 14 ರಾಜ್ಯ, ಸುಮಾರು 3,500 ಕಿ.ಮೀ. ಪೂರ್ತಿ ನಡೆಯಲು ಐದಾರು ತಿಂಗಳು ಬೇಕು. ನಾನು ಶೆನಂಡೋವಾ ಪಾರ್ಕಿನೊಳಗಿನ 160 ಕಿ.ಮೀ. ಮಾತ್ರ ನಡೆದೆ, ಒಬ್ಬನೇ ಹೊರಟು.

ಒಬ್ಬನೇ ಹೊರಟೆ, ಆದರೆ ಎರಡನೇ ರಾತ್ರಿಗೆ ನಾಲ್ಕು ಜನ ಆಗಿದ್ದೆವು. ಅಲ್ಲಿ ದಾರಿಯುದ್ದಕ್ಕೂ ಮೂರು ಗೋಡೆಯ ಮರದ ಗುಡಿಸಲುಗಳಿವೆ. ಮುಂಭಾಗ ಖಾಲಿ. ಸಂಜೆ ಎಲ್ಲರೂ ಬಂದು ಸೇರುವುದು ಅಲ್ಲೇ. ಒಳಗೆ ಒಂದು ನೋಟ್‌ಬುಕ್ ಇಟ್ಟಿರುತ್ತಾರೆ, ಬಂದವರು ಬರೆದು ಹೋಗುತ್ತಾರೆ: ಮುಂದಿನ ತೊರೆ ಒಣಗಿದೆ, ನಾನು ನಾಳೆ ಇಂಥ ಕಡೆ ಇರುತ್ತೇನೆ, ಹೀಗೆ. ಯಾರೂ ಸ್ವಂತ ಹೆಸರು ಬರೆಯುವುದಿಲ್ಲ, ದಾರಿಯಲ್ಲಿ ಇಟ್ಟ ಅಡ್ಡಹೆಸರು. ನಾನು ಮನೆಯಿಂದ ತಂದಿದ್ದ ಪುಡಿಯಲ್ಲಿ ಎಲ್ಲರಿಗೂ ಕಾಫಿ ಮಾಡಿ ಕೊಟ್ಟೆ, ಹಾಗಾಗಿ ನಾನು "ಕೂರ್ಗ್". ನಿಮಗಿಂತ ಎರಡು ದಿನ ಮುಂದಿರುವ ಮನುಷ್ಯನ ಅಕ್ಷರ ಓದುತ್ತಾ ಓದುತ್ತಾ, ಕಂಡಿರದಿದ್ದರೂ ಪರಿಚಯ ಆಗಿಬಿಡುತ್ತದೆ.

ಅಲ್ಲಿ ನನಗೆ ತುಂಬಾ ಇಷ್ಟವಾಗಿದ್ದು, ಹಗಲು ಯಾರೂ ಅಂಟಿಕೊಂಡು ನಡೆಯುವುದಿಲ್ಲ. ಅವರವರ ಹೆಜ್ಜೆ ಅವರವರದು. ಸಂಜೆ ಒಂದೇ ಸೂರು. ಜೊತೆ ಅಂದರೆ ಇಡೀ ದಿನ ಮಾತು ಅಂತ ನಾನು ಅಂದುಕೊಂಡಿದ್ದೆ, ಅದು ಸುಮ್ನೆ.

ಆದರೆ ಅದನ್ನು ಹಾಗೇ ತಂದು ಕೊಡಗಿಗೆ ಅಂಟಿಸಲು ಆಗುವುದಿಲ್ಲ. ನಮ್ಮಲ್ಲಿ ಆ ಗುಡಿಸಲು ಇಲ್ಲ, ಹಿಂದಿನಿಂದ ಇನ್ನೊಬ್ಬರು ಬರುತ್ತಾರೆ ಅನ್ನುವ ಭರವಸೆ ಇಲ್ಲ, ಜೀಪಿನವರು ಹೇಳಿದ ಆನೆ ಬೇರೆ ಇದೆ. ಹಾಗಾಗಿ ಇಲ್ಲಿ ಜೊತೆಯನ್ನು ಮನೆಯಿಂದಲೇ ಕಟ್ಟಿಕೊಂಡು ಹೊರಡಬೇಕು. ನಾನಾದರೆ ಒಂದೇ ಒಂದು ನಿಯಮ ಮಾಡುತ್ತಿದ್ದೆ: ಯಾರಾದರೂ ವಾಪಸು ಹೋಗಬೇಕಾದರೆ ಜೊತೆಗೆ ಯಾರು ಇಳಿಯುತ್ತಾರೆ ಅಂತ ದಿನಾ ಬೆಳಿಗ್ಗೆ ಹೊರಡುವ ಮೊದಲೇ ಹೇಳಿಬಿಡುವುದು. ಇವತ್ತು ನನ್ನ ಪಾಳಿ, ನಾಳೆ ನಿಮ್ಮದು. ಆಗ ಬಂಡೆ ಮೇಲೆ ನಿಂತು ಮುಖ ಮುಖ ನೋಡುವ ಪ್ರಸಂಗ ಬರುವುದಿಲ್ಲ. ನಿಮ್ಮ ಗೋಣಿ ದಾರದ ಹುಡುಗ ಯಾರೂ ಹೇಳದೆ ಇಳಿದು ಬಂದ. ಎಲ್ಲರೂ ಹಾಗೆ ಇರುವುದಿಲ್ಲ, ನಾನೂ ಇರುವುದಿಲ್ಲವೇನೋ. ಪಾಳಿ ಅಂದರೆ ಖಂಡಿತ ಇಳಿಯುತ್ತೇನೆ.

---

ಕಕ್ಕಬೆ ಜೇನು

ಮೂರು ವಾರ ಆಯಿತು, ಉತ್ತರ ಬರೆಯದೇ ಇದ್ದಿದ್ದಕ್ಕೆ ಬೈಯಬೇಡಿ. ಮಂಜು ಅವರೇ, ಆ ಪಾಳಿ ಮಾತನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆ ಕ್ಯಾಲೆಂಡರ್ ಪಕ್ಕ ಅಂಟಿಸಿದ್ದೇನೆ. ಗಂಡ ಓದಿ "ಮನೆಕೆಲಸಕ್ಕೂ ಇದೇನಾ?" ಅಂತ ಕೇಳಿದರು. ಹೌದು ಅಂದೆ.

ಇಲ್ಲಿಂದ ಮತ್ತು ಪರಿಚಯದವರಿಂದ ಮೂರು ಜನ ಸಿಕ್ಕಿದರು. ಮೇಷ್ಟ್ರು ಹೇಳಿದ ಹಾಗೆ ಎರಡು ದಿನದ ಪರೀಕ್ಷೆ ಇಟ್ಟೆ. ಸೆಪ್ಟೆಂಬರ್, ನಮ್ಮ ಕೈಲ್‌ಪೊಳ್ದ್ ಹಬ್ಬ ಮುಗಿದ ವಾರ. ಮಳೆ ಪೂರ್ತಿ ಬಿಟ್ಟಿರಲಿಲ್ಲ, ಬೆಟ್ಟಕ್ಕೆ ಹೋಗಲಿಲ್ಲ. ಮೊದಲ ದಿನ ಪಾಡಿ ಇಗ್ಗುತ್ತಪ್ಪ ದೇವಸ್ಥಾನ, ಅಲ್ಲಿಂದ ನಾಲ್ಕುನಾಡು ಅರಮನೆ, ರಾತ್ರಿ ನಮ್ಮ ಮನೆ. ಇಗ್ಗುತ್ತಪ್ಪ ನಮಗೆ ಮಳೆ ದೇವರು. ಅವನ ಎದುರಿಗೇ ನಿಂತು ಮಳೆ ನಿಲ್ಲಿಸಪ್ಪಾ ಅಂತ ಕೇಳುವುದು ಹೇಗೆ? ಸುಮ್ಮನೆ ಕೈಮುಗಿದು ಬಂದೆವು. ದಾರಿಯಲ್ಲಿ ಸುರಿಯಿತು.

ಒಬ್ಬರು ಕುಶಾಲನಗರದ ನರ್ಸ್, ನನಗಿಂತ ಹತ್ತು ವರ್ಷ ಚಿಕ್ಕವರು. ಒಬ್ಬರು ಮೈಸೂರಿನ ಬ್ಯಾಂಕಿನವರು, ಸ್ವಯಂ ನಿವೃತ್ತಿ ತೆಗೆದುಕೊಂಡವರು. ಇನ್ನೊಬ್ಬ ಫೋಟೋಗ್ರಾಫರ್ ಹುಡುಗ, ಬಹಳ ಚುರುಕು. ಮೊದಲ ದಿನ ಮೂವರೂ ಬಂಗಾರ. ಅರಮನೆ ಎದುರು ನಿಂತು ಫೋಟೋಗ್ರಾಫರ್ "ದೊಡ್ಡವೀರರಾಜೇಂದ್ರ ಇದನ್ನು 1792ರಲ್ಲಿ ಕಟ್ಟಿಸಲು ಶುರು ಮಾಡಿದ್ದು" ಅಂತ ನಮಗೇ ಪಾಠ ಮಾಡಿದ. ಸರಿಯಾಗಿಯೇ ಹೇಳಿದ.

ರಾತ್ರಿ ಅಕ್ಕಿರೊಟ್ಟಿ, ಎಳ್ಳು ಪಜ್ಜಿ. ಆಗ ಹುಡುಗ ಹೇಳಿದ, ನಾಳೆ ನಾಲ್ಕೂವರೆಗೆ ಹೊರಡೋಣ, ಮಂಜಿನಲ್ಲಿ ಬೆಳಕು ಚೆನ್ನಾಗಿರುತ್ತದೆ. ನಾನು ಆನೆ ವಿಷಯ ಹೇಳಿದೆ. "ಏನಾಗಲ್ಲ ಆಂಟಿ" ಅಂದ. ಬೆಳಿಗ್ಗೆ ಐದಕ್ಕೆ ಎದ್ದು ನೋಡುತ್ತೇನೆ, ಹಾಸಿಗೆ ಖಾಲಿ, ಗೇಟು ತೆರೆದಿದೆ, ನಾಯಿ ಗೇಟಿನ ಹತ್ತಿರ ಕೂತಿದೆ. ಎಂಟಕ್ಕೆ ಬಂದ, ನಗುತ್ತಾ, ಏನೂ ಆಗಿರಲಿಲ್ಲ. ಫೋಟೋಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಆ ಮೂರು ಗಂಟೆ ನಾನು ಪಟ್ಟ ಪಾಡು ಅವನಿಗೆ ಗೊತ್ತಿಲ್ಲ. ಕಾಫಿ ಕೊಟ್ಟು, ಒಂದು ಬಾಟಲಿ ಜೇನು ಕೊಟ್ಟು, ಈ ಸಲ ಬೇಡ ಕಣಪ್ಪಾ ಅಂದೆ. ಬೇಜಾರು ಮಾಡಿಕೊಂಡ.

ಎರಡನೇ ದಿನ ಚೆಯ್ಯಂಡಾಣೆ ಕಡೆಯಿಂದ ಚೇಲಾವರ ಜಲಪಾತಕ್ಕೆ. ರಕ್ತ ಹೀರುವ ಇಂಬಳ ಲೆಕ್ಕವಿಲ್ಲದಷ್ಟು. ಬ್ಯಾಂಕಿನವರು ಬೆಳಿಗ್ಗೆಯಿಂದ ಬಡ್ಡಿ ದರದ ಬಗ್ಗೆ ಮಾತಾಡುತ್ತಿದ್ದರು, ನಿಲ್ಲಿಸಿದ್ದೇ ಇಂಬಳ ಕೀಳಲು. ನನಗೆ ಸ್ವಲ್ಪ ತಲೆನೋವು ಬಂತು, ನಿಜ ಹೇಳಬೇಕಲ್ಲ. ಆದರೆ ಉಪ್ಪಿನ ಪೊಟ್ಟಣ ತಂದಿದ್ದವರು ಅವರೊಬ್ಬರೇ. ತಮ್ಮ ಕಾಲು ನೋಡುವ ಮೊದಲು ನಮ್ಮಿಬ್ಬರ ಕಾಲಿಗೆ ಹಾಕಿದರು, ಬಡ್ಡಿ ದರ ಹೇಳುತ್ತಲೇ.

ನರ್ಸ್ ಹನ್ನೊಂದು ಗಂಟೆಗೆ ರಸ್ತೆ ಮಧ್ಯೆ ನಿಂತರು. "ನನ್ನ ಎಡಗಾಲಿನ ಕಿರುಬೆರಳು ಉರೀತಿದೆ, ಹತ್ತು ನಿಮಿಷ" ಅಂದರು. ಅಲ್ಲೇ ಒಂದು ಮೋರಿ ಮೇಲೆ ಕೂತರು, ಸಾಕ್ಸ್ ಬಿಚ್ಚಿದರು, ಕಾಲು ಒರೆಸಿದರು, ಟೇಪ್ ಹಚ್ಚಿದರು. ಒಂದು ಜೀಪು ಬಂದು ಹಾರ್ನ್ ಮಾಡಿತು. ತಲೆ ಎತ್ತಲಿಲ್ಲ. ನನಗೆ ಮೇಷ್ಟ್ರ ಟೈಲರ್ ನೆನಪಾಗಿ ನಗು ಬಂತು.

ಹಾಗಾಗಿ ನಾವು ಮೂವರು. ಅಕ್ಟೋಬರ್ 21ಕ್ಕೆ ಇರ್ಪುವಿನಲ್ಲಿ ಶುರು, 20ರ ರಾತ್ರಿ ಶ್ರೀಮಂಗಲದಲ್ಲಿ ನನ್ನ ಚಿಕ್ಕಮ್ಮನ ಮನೆ. ಡಬ್ಬಿ ಬ್ಯಾಂಕಿನವರ ಕೈಯಲ್ಲಿ. ವೀಕೆಂಡ್ ವೀರ, ನಿಮಗೋಸ್ಕರ ಭಾಗಮಂಡಲದಲ್ಲಿ ಒಂದು ದಿನ ಹೆಚ್ಚು ನಿಲ್ಲುವುದಿಲ್ಲ, ನಾವು ಹೊರಡುವ ಬೆಳಿಗ್ಗೆ ಶನಿವಾರ ಆಗಿದ್ದರೆ ನಿಮ್ಮ ಅದೃಷ್ಟ. ಜೀಪಿನವರೇ, ಮಳೆ ಜಾಸ್ತಿಯಾಗಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನಿಮಗೇ ಫೋನ್.

ಹೊಸ ಶೂ ತೆಗೆದುಕೊಂಡು ತೋಟದಲ್ಲಿ ದಿನಾ ಹಾಕಿಕೊಂಡು ಓಡಾಡುತ್ತಿದ್ದೇನೆ. ಬ್ಯಾಗಿನ ಹೊರಜೇಬಿನಲ್ಲಿ ಗೋಣಿ ದಾರ ಒಂದು ಉಂಡೆ ಇದೆ.

ಇನ್ನೊಬ್ಬರಿಗೆ ಜಾಗ ಇದೆ. ಬರುವವರು ಎರಡು ದಿನ ಕಕ್ಕಬೆಗೆ ಬಂದು ನಡೆದು ತೋರಿಸಬೇಕು. ಊಟ ನನ್ನದು. ಗೊರಕೆ ಹೊಡೆಯುವವರಾದರೆ ಮೊದಲೇ ಹೇಳಿ, ಬ್ಯಾಂಕಿನವರ ಜೊತೆ ಒಂದೇ ರೂಮು ಕೊಡುತ್ತೇನೆ.

---

ಸೋಮವಾರಪೇಟೆ ಮೇಷ್ಟ್ರು

ಸೋಮವಾರಪೇಟೆಗೆ ಬಂದಾಗ ನಮ್ಮ ಮನೆಯಲ್ಲೇ ಊಟ. ಬೀದಹಳ್ಳಿವರೆಗೆ ನಾನೂ ಟೈಲರೂ ಬರುತ್ತೇವೆ. ಅರ್ಧ ಗಂಟೆಗೊಮ್ಮೆ ಕೂರಬೇಕು, ಈಗಲೇ ಹೇಳಿದ್ದೇನೆ.